ಕಾವಲಿನ ಮಣ್ಣು, ಪಕ್ಕದ ಹೊಲದ ಮಣ್ಣು: ಇನ್‌ಫ್ರಾರೆಡ್ ಬೆಳಕಿನಲ್ಲಿ ಪರೀಕ್ಷೆ ಮಾಡುವ ಪೂರ್ತಿ ವಿಧಾನ

ಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟಿದೆ ಅಂತ ತಿಳಿಯಲು ನಮ್ಮ ಹೆಚ್ಚಿನ ಪ್ರಯೋಗಾಲಯಗಳು ಇವತ್ತಿಗೂ ನೆಚ್ಚಿಕೊಂಡಿರುವುದು 1934ರಲ್ಲಿ ಬಂದ ವಾಕ್ಲಿ-ಬ್ಲ್ಯಾಕ್ ವಿಧಾನವನ್ನು. ಪೊಟ್ಯಾಸಿಯಂ ಡೈಕ್ರೋಮೇಟ್, ಗಟ್ಟಿ ಗಂಧಕಾಮ್ಲ, ಆಮೇಲೆ ಟೈಟ್ರೇಶನ್. ವಿಧಾನ ಒಳ್ಳೆಯದೇ. ಆದರೆ ಪ್ರತಿ ಮಾದರಿಗೂ ರಾಸಾಯನಿಕ ಬೇಕು, ಕೊನೆಗೆ ಉಳಿಯುವ ಕ್ರೋಮಿಯಂ ನೀರನ್ನು ಏನು ಮಾಡುವುದು ಅನ್ನುವ ತಲೆನೋವು ಬೇರೆ. ಹತ್ತು ಮಾದರಿ ಇದ್ದರೆ ಸರಿ. ಒಂದು ಇಡೀ ಕಾವಲು (ದನ ಮೇಯಲು ಉಳದೆ ಬಿಟ್ಟ ಹುಲ್ಲುಗಾವಲು), ಅದರ ಸುತ್ತಲಿನ ಹೊಲಗಳು, ಪ್ರತಿ ಜಾಗದಲ್ಲೂ ಮೂರು ಆಳ ಅಂತ ಲೆಕ್ಕ ಹಾಕುತ್ತಾ ಹೋದರೆ ಐನೂರು, ಆರುನೂರು ಮಾದರಿ ಸುಲಭವಾಗಿ ಆಗಿಬಿಡುತ್ತದೆ. ಅಷ್ಟಕ್ಕೂ ಕೆಮಿಸ್ಟ್ರಿ ಮಾಡಿಸುವಷ್ಟು ದುಡ್ಡು ಯಾರ ಹತ್ತಿರ ಇದೆ?

ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ ಕೆಲಸಕ್ಕೆ ಬರುವುದು ಇಲ್ಲೇ. ಒಣಗಿಸಿದ ಮಣ್ಣಿನ ಮೇಲೆ ಬೆಳಕು ಬಿಡುತ್ತೇವೆ. ಮಣ್ಣಿನೊಳಗಿನ ರಾಸಾಯನಿಕ ಬಂಧಗಳು ತಮಗೆ ಹೊಂದುವ ತರಂಗಗಳನ್ನು ಹೀರಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತವೆ. ಯಾವ ತರಂಗವನ್ನು ಮಣ್ಣು ಎಷ್ಟು ಹೀರಿತು, ಎಷ್ಟು ವಾಪಸ್ ಬಂತು ಅಂತ ಯಂತ್ರ ಬಿಡಿಸುವ ಗೆರೆಯೇ ಸ್ಪೆಕ್ಟ್ರಮ್. ಒಂದು ಮಾದರಿಗೆ ಹಿಡಿಯುವುದು ನಿಮಿಷದ ಆಸುಪಾಸು, ರಾಸಾಯನಿಕ ಏನೂ ಬೇಡ, ಅದೇ ಮಣ್ಣನ್ನು ಮತ್ತೆ ಮತ್ತೆ ಅಳೆಯಬಹುದು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಇಂಗಾಲವನ್ನು ಅಳೆಯುವುದಿಲ್ಲ, ಅಳೆಯುವುದು ಬೆಳಕನ್ನು ಮಾತ್ರ. ಆ ಬೆಳಕಿಗೂ ಇಂಗಾಲಕ್ಕೂ ಇರುವ ಸಂಬಂಧವನ್ನು ಅದಕ್ಕೆ ಕಲಿಸಬೇಕಾದವರು ನಾವು, ಅದೂ ನಮ್ಮದೇ ಮಣ್ಣಿನಿಂದ. ಹಾಗೆ ಕಲಿಸಿದ ಲೆಕ್ಕವನ್ನೇ ಮುಂದೆ ಮಾಡೆಲ್ ಅನ್ನುತ್ತೇನೆ. ಕಲಿಸಿದ್ದು ಸರಿಯಿದ್ದರೆ ಫಲಿತಾಂಶ ಸರಿ. ಇಲ್ಲದಿದ್ದರೆ ಎಷ್ಟು ಲಕ್ಷದ ಯಂತ್ರ ತಂದರೂ ಬರುವುದು ಸುಮ್ನೆ ಒಂದು ಅಂಕಿ.

ಉದಾಹರಣೆಗೆ ಚಳ್ಳಕೆರೆ ಕಡೆಯ ಭೂಮಿ ಇಟ್ಟುಕೊಳ್ಳೋಣ. ಮಳೆ ಬಹಳ ಕಡಿಮೆ. ಒಂದು ಕಡೆ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲು, ಪಕ್ಕದಲ್ಲೇ ವರ್ಷವರ್ಷವೂ ಉಳುವ ಶೇಂಗಾ ಹೊಲ. ಉಳದೆ ಬಿಟ್ಟ ಹುಲ್ಲುಗಾವಲಿನ ಮಣ್ಣಿಗೂ ಉತ್ತ ಮಣ್ಣಿಗೂ ಏನು ವ್ಯತ್ಯಾಸ ಅಂತ ಕೇಳಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾವಲುಗಳಲ್ಲೂ ಇದೇ ರೀತಿ ಮಾಡಬಹುದು.

ಹಂತ 1: ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಬಹಳ ಜನ ಈ ಹನ್ನೆರಡೂ ಒಂದೇ ಸ್ಕ್ಯಾನ್‌ನಲ್ಲಿ ಬಂದುಬಿಡಬೇಕು ಅಂತ ಆಸೆಪಡುತ್ತಾರೆ. ಬರುವುದಿಲ್ಲ.

ಚೆನ್ನಾಗಿ ಬರುವುದು ಸಾವಯವ ಇಂಗಾಲ, ಒಟ್ಟು ಸಾರಜನಕ, ಜೇಡಿಯ ಪ್ರಮಾಣ, ಮಣ್ಣಿನಲ್ಲಿರುವ ಸುಣ್ಣ, ಪೋಷಕಾಂಶ ಹಿಡಿದಿಡುವ ಶಕ್ತಿ. ಇವೆಲ್ಲ ಒಂದೋ ನೇರವಾಗಿ ಬೆಳಕು ಹೀರುತ್ತವೆ, ಇಲ್ಲವೇ ಹಾಗೆ ಹೀರುವ ಜೇಡಿ ಮತ್ತು ಸಾವಯವ ವಸ್ತುವಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ರಸಸಾರ (ಪಿಎಚ್) ಸುಮಾರಾಗಿ ಬರುತ್ತದೆ.

ಬೆಳೆಗೆ ಸಿಗುವ ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಬೇರೆ ಕಥೆ. ಇವು ಮಣ್ಣಿನಲ್ಲಿ ಇರುವುದೇ ಹತ್ತು ಲಕ್ಷಕ್ಕೆ ಇಷ್ಟು ಭಾಗ ಅನ್ನುವ ಲೆಕ್ಕದಲ್ಲಿ, ಬೆಳಕಿಗೆ ಕಾಣುವಂಥ ಗುರುತೂ ಇಲ್ಲ. 2009ರಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಕರ್ನಾಟಕ ಶುರು ಮಾಡಿದ ಭೂಚೇತನ ಯೋಜನೆ ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕ ಅಂತ ತೋರಿಸಿತು. ಅದನ್ನು ತೋರಿಸಿದ್ದು ಪ್ರಯೋಗಾಲಯದ ಕೆಮಿಸ್ಟ್ರಿ. ರೈತರಿಗೆ ಗೊಬ್ಬರದ ಶಿಫಾರಸು ಕೊಡಬೇಕಾದರೆ ಇವತ್ತಿಗೂ ಆ ದಾರಿಯೇ ಸರಿ. ಒಂದು ಸ್ಕ್ಯಾನ್‌ನಲ್ಲೇ ಸತುವಿನ ಪ್ರಮಾಣ ಹೇಳುತ್ತೇವೆ ಅನ್ನುವ ಯಂತ್ರ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ನಮ್ಮ ಜಿಲ್ಲೆಯ ಎಷ್ಟು ಮಾದರಿಯಲ್ಲಿ ಇದನ್ನು ಲ್ಯಾಬ್ ಫಲಿತಾಂಶದ ಜೊತೆ ಹೋಲಿಸಿದ್ದೀರಿ?

ಹಂತ 2: ಯಂತ್ರ ಆರಿಸುವುದು

ಮುಖ್ಯವಾಗಿ ಎರಡು ದಾರಿ. ಒಂದು, ಕಣ್ಣಿಗೆ ಕಾಣುವ ಬೆಳಕು ಮತ್ತು ಅದಕ್ಕೆ ಅಂಟಿಕೊಂಡ ಹತ್ತಿರದ ಇನ್‌ಫ್ರಾರೆಡ್, ಅಂದರೆ ತರಂಗದ ಉದ್ದ 350ರಿಂದ 2500 ನ್ಯಾನೊಮೀಟರ್. ಎಎಸ್‌ಡಿ ಫೀಲ್ಡ್‌ಸ್ಪೆಕ್ ತರಹದ ಯಂತ್ರಗಳು ಈ ಗುಂಪಿನವು, ಹೊಲಕ್ಕೂ ಹೊತ್ತುಕೊಂಡು ಹೋಗಬಹುದು. ಇನ್ನೊಂದು, ಮಧ್ಯದ ಇನ್‌ಫ್ರಾರೆಡ್, 2500ರಿಂದ 25000 ನ್ಯಾನೊಮೀಟರ್. ಬ್ರೂಕರ್ ಆಲ್ಫಾದಂಥ ಮೇಜಿನ ಮೇಲಿಡುವ ಯಂತ್ರಗಳು.

ಮಧ್ಯದ ಇನ್‌ಫ್ರಾರೆಡ್‌ನಲ್ಲಿ ಬಂಧಗಳ ಮೂಲ ಕಂಪನವೇ ಸಿಗುತ್ತದೆ, ಗುರುತುಗಳು ದಪ್ಪಗೆ, ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತಿರದ ಇನ್‌ಫ್ರಾರೆಡ್‌ನಲ್ಲಿ ಸಿಗುವುದು ಅದರ ಮಂಕು ಪ್ರತಿಧ್ವನಿಗಳು, ಅವೂ ಒಂದರ ಮೇಲೊಂದು ಬಿದ್ದಿರುತ್ತವೆ. ಹಾಗಾಗಿ ನಿಖರತೆ ಮುಖ್ಯ ಅಂದರೆ ಮಧ್ಯದ್ದು, ಹೊಲದಲ್ಲೇ ಬೇಗ ನೋಡಬೇಕು ಅಂದರೆ ಹತ್ತಿರದ್ದು. ಲ್ಯಾಬಿನಲ್ಲಿ ಕೂತು ಕಾವಲು ಮತ್ತು ಹೊಲ ಹೋಲಿಸುವ ಕೆಲಸಕ್ಕೆ ನನ್ನ ಆಯ್ಕೆ ಮಧ್ಯದ ಇನ್‌ಫ್ರಾರೆಡ್ಡೇ. ಕೈಯಲ್ಲಿ ಹಿಡಿಯುವ ಅಗ್ಗದ ಯಂತ್ರಗಳು 1350 ನ್ಯಾನೊಮೀಟರ್ ಆಸುಪಾಸಿನಿಂದ ಶುರುವಾಗುವುದುಂಟು. ಅವುಗಳಲ್ಲಿ ಕಬ್ಬಿಣದ ಗುರುತೂ ಬಣ್ಣದ ಮಾಹಿತಿಯೂ ಸಿಗುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ.

ಮಂಗಳೂರು, ಉಡುಪಿ, ಮಲೆನಾಡಿನವರು ಇನ್ನೊಂದು ವಿಷಯ ಗಮನಿಸಬೇಕು. ಮಧ್ಯದ ಇನ್‌ಫ್ರಾರೆಡ್ ಯಂತ್ರದೊಳಗಿನ ಗಾಜಿನಂಥ ಭಾಗಗಳು ಹಲವು ಸಲ ಪೊಟ್ಯಾಸಿಯಂ ಬ್ರೋಮೈಡ್‌ನದ್ದು. ಅದು ಉಪ್ಪು, ತೇವ ಹೀರಿ ಮಸುಕಾಗುತ್ತದೆ. ಜಿಂಕ್ ಸೆಲೆನೈಡ್ ಭಾಗಗಳಿರುವುದನ್ನು ಕೇಳಿ ಕೊಂಡರೆ ಮಳೆಗಾಲದಲ್ಲಿ ನೆಮ್ಮದಿ. ಹೇಗಿದ್ದರೂ ಒಳಗಿನ ಸಿಲಿಕಾ ಜೆಲ್ ಬಣ್ಣ ತಿರುಗಿದೆಯಾ ಅಂತ ಆಗಾಗ ನೋಡುತ್ತಿರಿ.

ಹಂತ 3: ಮಣ್ಣು ತೆಗೆಯುವುದು

ಎಲ್ಲಕ್ಕಿಂತ ಜಾಸ್ತಿ ತಪ್ಪು ನುಸುಳುವುದು ಇಲ್ಲಿ.

ಹೋಲಿಕೆ ಸರಿಯಾಗಬೇಕಾದರೆ ಕಾವಲಿನ ಜಾಗ ಮತ್ತು ಹೊಲದ ಜಾಗ ಒಂದೇ ಇಳಿಜಾರಿನಲ್ಲಿ, ಒಂದೇ ಬಗೆಯ ಮೂಲ ಮಣ್ಣಿನಲ್ಲಿ ಇರಬೇಕು. ಕಾವಲು ದಿಣ್ಣೆಯ ಮೇಲಿದ್ದು ಹೊಲ ತಗ್ಗಿನಲ್ಲಿದ್ದರೆ ನೀವು ಅಳೆಯುವುದು ದಿಣ್ಣೆ-ತಗ್ಗಿನ ವ್ಯತ್ಯಾಸವನ್ನು, ಹುಲ್ಲು-ಉಳುಮೆಯ ವ್ಯತ್ಯಾಸವನ್ನಲ್ಲ. ಬೇಲಿಯ ಆಚೆ ಈಚೆ, ಬದುವಿನಿಂದ ಸ್ವಲ್ಪ ದೂರ ಸರಿದು ಜೋಡಿ ಜೋಡಿಯಾಗಿ ಜಾಗ ಗುರುತಿಸಿ.

ಆಳಕ್ಕೆ ನಮ್ಮಲ್ಲಿ ರೂಢಿ 0ರಿಂದ 15 ಸೆಂ.ಮೀ. ಹೊಲಕ್ಕೆ ಅದು ನಡೆಯುತ್ತದೆ, ಯಾಕೆಂದರೆ ನೇಗಿಲು ಹೋದಷ್ಟು ಆಳಕ್ಕೂ ಮಣ್ಣು ಕಲೆತು ಒಂದೇ ಸಮ ಆಗಿರುತ್ತದೆ. ಹುಲ್ಲುಗಾವಲು ಹಾಗಲ್ಲ. ಅಲ್ಲಿ ಇಂಗಾಲ ಮೇಲಿನ ಒಂದೆರಡು ಇಂಚಿನಲ್ಲೇ ಕೂತಿರುತ್ತದೆ, ಕೆಳಗೆ ಹೋದಂತೆ ಬೇಗ ಇಳಿಯುತ್ತದೆ. ಆದ್ದರಿಂದ ಎರಡೂ ಕಡೆ 0–5, 5–15, 15–30 ಅಂತ ಮೂರು ಆಳದಲ್ಲಿ ತೆಗೆಯಿರಿ. ಸಗಣಿ ಬಿದ್ದ ಜಾಗ, ಹುತ್ತದ ಪಕ್ಕ, ಮರದ ನೆರಳು, ದನ ಮಲಗುವ ಜಾಗ, ಹೊಲದಲ್ಲಿ ಹಳೆ ತಿಪ್ಪೆ ಇದ್ದ ಕಡೆ ಬಿಟ್ಟುಬಿಡಿ.

ಒಂದು ಜಾಗಕ್ಕೆ ಎಂಟು ಹತ್ತು ಕಡೆ ತೆಗೆದು, ಬಕೆಟ್‌ನಲ್ಲಿ ಕಲಸಿ, ಗೋಣಿ ಮೇಲೆ ಹರಡಿ ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಪಾಲು ಉಳಿಸಿಕೊಳ್ಳುವ ಹಳೆಯ ಪದ್ಧತಿ ಇಲ್ಲೂ ನಡೆಯುತ್ತದೆ. ಅರ್ಧ ಕಿಲೋ ಸಾಕು.

ಹೊಲದವರ ಜೊತೆ ಕೂತು ಮಾತಾಡುವುದನ್ನು ಮಾತ್ರ ತಪ್ಪಿಸಬೇಡಿ. ಮುಖ್ಯವಾಗಿ ಕೆರೆಗೋಡು ಹೊಡೆಸಿದ್ದೀರಾ ಅಂತ ಕೇಳಿ. ಕೆಂಪು ಹೊಲಕ್ಕೆ ಕೆರೆಯ ಹೂಳು ಹಾಕಿದ್ದರೆ ಅದರ ಜೇಡಿಯೇ ಬೇರೆ. ಸ್ಪೆಕ್ಟ್ರಮ್‌ನಲ್ಲಿ ಆ ಹೊಲ ಊರಿನ ಉಳಿದ ಹೊಲಗಳಿಂದ ದೂರ ಹೋಗಿ ನಿಲ್ಲುತ್ತದೆ. ಕಾರಣ ಗೊತ್ತಿಲ್ಲದವರು ಅದನ್ನು ಯಂತ್ರದ ದೋಷ ಅಂದುಕೊಂಡು ತೆಗೆದುಹಾಕುತ್ತಾರೆ.

ಇದೇ ಹೊತ್ತಿನಲ್ಲಿ ಪ್ರತಿ ಆಳದಲ್ಲೂ ಅಳತೆ ಗೊತ್ತಿರುವ ಲೋಹದ ಕೊಳವೆ ಬಡಿದು ಮಣ್ಣಿನ ಸಾಂದ್ರತೆಗೆ ಬೇರೆ ಮಾದರಿ ತೆಗೆದುಕೊಳ್ಳಿ. ಸಾಂದ್ರತೆಯನ್ನು ಪುಡಿ ಮಾಡಿದ ಮಣ್ಣಿನ ಸ್ಪೆಕ್ಟ್ರಮ್ ಹೇಳಲಾರದು, ಆಮೇಲೆ ಬೇಕೇ ಬೇಕಾಗುತ್ತದೆ.

ಹಂತ 4: ಒಣಗಿಸಿ, ಜರಡಿ ಹಿಡಿದು, ಅರೆಯುವುದು

ನೆರಳಿನಲ್ಲಿ ಒಣಗಿಸಿ ಆಮೇಲೆ 40 ಡಿಗ್ರಿ ಒಲೆಯಲ್ಲಿ ಇಡಿ. ನೀರು 1400 ಮತ್ತು 1900 ನ್ಯಾನೊಮೀಟರ್ ಸುತ್ತ ಜೋರಾಗಿ ಬೆಳಕು ಹೀರುತ್ತದೆ. ಒಂದು ಮಾದರಿ ಹಸಿ, ಒಂದು ಒಣ ಆದರೆ ಮಾಡೆಲ್ ಮಣ್ಣಿನ ಬದಲು ತೇವವನ್ನೇ ಕಲಿಯುತ್ತದೆ. ಒಣಗಿದ್ದನ್ನು ಹೆಂಟೆ ಒಡೆದು 2 ಮಿ.ಮೀ. ಜರಡಿ ಹಿಡಿಯಿರಿ, ಮೇಲೆ ಉಳಿದ ಗರಸನ್ನು ತೂಕ ಮಾಡಿ ಬರೆದಿಡಿ. ಹತ್ತಿರದ ಇನ್‌ಫ್ರಾರೆಡ್‌ಗೆ ಇಷ್ಟು ಸಾಕು. ಮಧ್ಯದ್ದಕ್ಕೆ ಇನ್ನೂ ನುಣ್ಣಗೆ, 0.1 ಮಿ.ಮೀ.ಗಿಂತ ಸಣ್ಣಗೆ, ಅಂದರೆ ಟಾಲ್ಕಂ ಪೌಡರ್ ಹಾಗೆ ಅರೆಯಬೇಕು. ಎಲ್ಲವನ್ನೂ ಒಂದೇ ನುಣುಪಿಗೆ ಅರೆಯುವುದು ಮುಖ್ಯ. ಮರಳು ಜಾಸ್ತಿ ಇರುವ ಮಣ್ಣಿಗೆ ಹೊತ್ತು ಹಿಡಿಯುತ್ತದೆ, ಬೇಸರ ಮಾಡಿಕೊಂಡು ಅರ್ಧಕ್ಕೆ ನಿಲ್ಲಿಸಬೇಡಿ.

ಕಾವಲಿನ ಮಣ್ಣಿಗೆ ಒಂದು ವಿಶೇಷ ಕೆಲಸ ಇದೆ. ಕೂದಲಿನಂಥ ಬೇರುಗಳು ಜರಡಿಯಲ್ಲೂ ಇಳಿದುಬಿಡುತ್ತವೆ. ಅವನ್ನು ಹಾಗೇ ಅರೆದರೆ ಬೇರಿನ ಇಂಗಾಲವೂ ಮಣ್ಣಿನ ಇಂಗಾಲದ ಲೆಕ್ಕಕ್ಕೆ ಸೇರಿ ಹುಲ್ಲುಗಾವಲು ಇರುವುದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ. ಒಣ ಮಣ್ಣನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ. ಪ್ಲಾಸ್ಟಿಕ್ ಸ್ಕೇಲ್ ಅನ್ನು ಒಣ ಹತ್ತಿ ಬಟ್ಟೆಗೆ ಚೆನ್ನಾಗಿ ಉಜ್ಜಿ ಮಣ್ಣಿನ ಮೇಲೆ ಒಂದು ಬೆರಳು ಎತ್ತರದಲ್ಲಿ ಆಡಿಸಿ. ಬೇರಿನ ಎಳೆಗಳು ಎದ್ದು ಬಂದು ಸ್ಕೇಲಿಗೆ ಅಂಟಿಕೊಳ್ಳುತ್ತವೆ. ಎಲ್ಲ ಮಾದರಿಗೂ ಅಷ್ಟೇ ಹೊತ್ತು, ಅಷ್ಟೇ ಎತ್ತರ ಇರಲಿ. ಜಾಸ್ತಿ ಹೊತ್ತು ಆಡಿಸಿದರೆ ನುಣ್ಣನೆಯ ಮಣ್ಣೂ ಎದ್ದುಬಿಡುತ್ತದೆ.

ಹಂತ 5: ಸ್ಕ್ಯಾನ್

ಯಂತ್ರ ಹಚ್ಚಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಹತ್ತಿರದ ಇನ್‌ಫ್ರಾರೆಡ್ ಆದರೆ ಬಹುತೇಕ ಎಲ್ಲ ಬೆಳಕನ್ನೂ ವಾಪಸ್ ಕಳಿಸುವ ಬಿಳಿ ಸ್ಪೆಕ್ಟ್ರಲಾನ್ ಫಲಕವನ್ನು ಹೋಲಿಕೆಗೆ ಮೊದಲು ಅಳೆದು, ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಅಳೆಯಿರಿ. ಫಲಕದ ಮೇಲೆ ಬೆರಳಿಡಬೇಡಿ. ಮಧ್ಯದ್ದಾದರೆ ಚಿಕ್ಕ ಬಟ್ಟಲಿಗೆ ಮಣ್ಣು ತುಂಬಿ, ಮೇಲ್ಮೈಯನ್ನು ಒತ್ತದೆ ಮಟ್ಟ ಮಾಡಿ. ಒಂದು ಓದಿಗೆ 32 ಸಲ ಸ್ಕ್ಯಾನ್ ಮಾಡಿ ಸರಾಸರಿ ತೆಗೆಯುವುದು ರೂಢಿಯಲ್ಲಿದೆ. ಒಂದೇ ಮಾದರಿಯನ್ನು ಎರಡರಿಂದ ನಾಲ್ಕು ಬಟ್ಟಲಿಗೆ ಹಾಕಿ ಓದಿಸಿ, ಅವುಗಳ ಗೆರೆ ಒಂದರ ಮೇಲೊಂದು ಕೂರದಿದ್ದರೆ ಕಲಸಿದ್ದು ಸರಿಯಾಗಿಲ್ಲ ಅಂತ ಅರ್ಥ.

ಯಂತ್ರ ಸರಿಯಿದೆಯಾ ಅಂತ ನೋಡಲು ನಿಮ್ಮದೇ ಒಂದು ತಪಾಸಣೆ ಮಣ್ಣು ಇಟ್ಟುಕೊಳ್ಳಿ. ಒಂದೆರಡು ಕಿಲೋ ಅರೆದು ಡಬ್ಬಿಯಲ್ಲಿಟ್ಟು ಪ್ರತಿ ದಿನ ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಗೆರೆ ನಿನ್ನೆಯ ಹಾಗೇ ಬಂತಾ? ಮುಂದುವರಿಯಿರಿ. ಬರಲಿಲ್ಲವಾ? ಅವತ್ತು ದೀಪವೋ ತೇವವೋ ಏನೋ ಕೆಟ್ಟಿದೆ, ಹುಡುಕಿ ಸರಿ ಮಾಡುವವರೆಗೆ ಬೇರೆ ಮಾದರಿ ಮುಟ್ಟಬೇಡಿ. ಇದೇ ಉದ್ದೇಶಕ್ಕೆ ಆಸ್ಟ್ರೇಲಿಯಾದ ಲಕ್ಕಿ ಬೇ ತೀರದ ಮರಳನ್ನು ಹಲವು ದೇಶಗಳ ಲ್ಯಾಬ್‌ಗಳು ಬಳಸುತ್ತವೆ.

ಹಂತ 6: ಕಂಪ್ಯೂಟರ್‌ಗೆ ಕೊಡುವ ಮೊದಲು ನೀವು ನೋಡಿ

ಈ ಹಂತವನ್ನು ಬಹಳ ಮಂದಿ ಹಾರಿಸುತ್ತಾರೆ, ನನಗೆ ಅತಿ ಇಷ್ಟದ ಹಂತ ಇದೇ. ಗೆರೆಗಳನ್ನು ಪರದೆಯ ಮೇಲೆ ಬಿಡಿಸಿ ಸುಮ್ಮನೆ ನೋಡಿ.

ಕೆಂಪು ಮಣ್ಣಿನದ್ದಾದರೆ 870–900 ನ್ಯಾನೊಮೀಟರ್ ಹತ್ತಿರ ಅಗಲವಾದ ತಗ್ಗು ಕಾಣುತ್ತದೆ. ಅದು ಕಬ್ಬಿಣದ ಆಕ್ಸೈಡ್, ಮಣ್ಣಿಗೆ ಕೆಂಪು ಕೊಡುವ ವಸ್ತು. ಬಲಗಡೆ ಬನ್ನಿ. 2200ರ ಹತ್ತಿರ ಒಂದು ಚೂಪು ತಗ್ಗು, ಅದರ ಎಡಕ್ಕೆ 2165ರ ಬಳಿ ಪುಟ್ಟ ಭುಜ. ಈ ಜೋಡಿ ಕಂಡರೆ ಕಯೊಲಿನೈಟ್ ಜೇಡಿ ಇದೆ ಅಂತ ಹೇಳಬಹುದು. ಈಗ ಎರೆ ಮಣ್ಣಿನ ಗೆರೆ ಪಕ್ಕದಲ್ಲಿ ಇಡಿ. ಇಡೀ ಗೆರೆಯೇ ಕೆಳಗಿದೆ, ಮಣ್ಣು ಕಪ್ಪು ಅಲ್ವಾ. 1900ರ ತಗ್ಗು ಆಳವಾಗಿದೆ, ಒಣಗಿಸಿದರೂ ಬಿಡದೆ ಪದರಗಳ ನಡುವೆ ನೀರು ಹಿಡಿದಿಡುವ ಸ್ಮೆಕ್ಟೈಟ್ ಜೇಡಿಯ ಗುರುತು ಅದು. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಡುವುದಕ್ಕೂ ಇದೇ ಜೇಡಿ ಕಾರಣ. 2200ರಲ್ಲಿ ಒಂಟಿ ತಗ್ಗು, ಭುಜ ಇಲ್ಲ. 2340ರ ಸುತ್ತ ಇನ್ನೊಂದು ತಗ್ಗು ಇದ್ದರೆ ಸುಣ್ಣ ಇದೆ. ಅನುಮಾನ ಇದ್ದರೆ ಮಣ್ಣಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಡಿ, ಬುರುಗು ಬಂದರೆ ಮುಗಿಯಿತು.

ಮಧ್ಯದ ಇನ್‌ಫ್ರಾರೆಡ್ ಗೆರೆಯಲ್ಲಿ ಸೆಂಟಿಮೀಟರ್‌ಗೆ 2930 ಮತ್ತು 2850 ತರಂಗಗಳ ಹತ್ತಿರ ಎರಡು ಉಬ್ಬು ಹುಡುಕಿ. ಇಂಗಾಲ-ಜಲಜನಕ ಬಂಧದ ಗುರುತು ಅವು. ಕಾವಲಿನ ಮೇಲ್ಪದರ ಮತ್ತು ಹೊಲದ ಮೇಲ್ಪದರವನ್ನು ಒಂದರ ಮೇಲೊಂದು ಇಟ್ಟಾಗ ಯಾವುದರಲ್ಲಿ ಈ ಉಬ್ಬು ಎತ್ತರ ಅಂತ ನೋಡಿದರೆ, ಮಾಡೆಲ್ ಮಾಡುವ ಮೊದಲೇ ಉತ್ತರದ ಸುಳಿವು ಸಿಕ್ಕಿರುತ್ತದೆ.

ಒಂದು ಎಚ್ಚರಿಕೆ. ಎರೆ ಮಣ್ಣು ಕಪ್ಪಗಿದೆ ಅಂದ ಮಾತ್ರಕ್ಕೆ ಇಂಗಾಲ ಜಾಸ್ತಿ ಅಲ್ಲ. ಕಾವಲಿಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದಿದ್ದರೆ ಇದ್ದಿಲ ಪುಡಿಯೂ ಗೆರೆಯನ್ನು ಕೆಳಗೆ ಎಳೆಯುತ್ತದೆ.

ಹಂತ 7: ಲ್ಯಾಬಿಗೆ ಯಾವುದನ್ನು ಕಳಿಸುವುದು

ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಆಮೇಲೆ ಲ್ಯಾಬಿಗೆ ಆರಿಸಿ. ಕಣ್ಣುಮುಚ್ಚಿ ಆರಿಸುವ ಬದಲು ಕೆನ್ನಾರ್ಡ್-ಸ್ಟೋನ್ ಲೆಕ್ಕ ಬಳಸಿದರೆ ಸ್ಪೆಕ್ಟ್ರಮ್‌ಗಳ ಪೂರ್ತಿ ಹರವನ್ನು ಪ್ರತಿನಿಧಿಸುವ ಮಾದರಿಗಳು ತಾವಾಗಿ ಸಿಗುತ್ತವೆ. ಆರುನೂರರಲ್ಲಿ ನೂರು, ನೂರೈವತ್ತು ಕಳಿಸಿದರೆ ಒಂದು ತಾಲ್ಲೂಕಿನ ಮಟ್ಟಿಗೆ ಒಳ್ಳೆ ಶುರುವಾತು. ಇದಲ್ಲದೆ ಲೆಕ್ಕಕ್ಕೆ ಸಿಗದಂತೆ ಚೀಟಿ ಎತ್ತಿ ಮೂವತ್ತು ನಲವತ್ತು ಮಾದರಿ ಬೇರೆ ತೆಗೆದಿಡಿ, ಕೊನೆಗೆ ಮಾಡೆಲ್ ಅನ್ನು ಪರೀಕ್ಷಿಸಲು. ಇವನ್ನೂ ಲ್ಯಾಬಿಗೆ ಕಳಿಸಿ, ಆದರೆ ಕಲಿಕೆಗೆ ಬಳಸಬೇಡಿ.

ಲ್ಯಾಬ್ ಒಂದೇ ಇರಲಿ, ವಿಧಾನವೂ ಒಂದೇ ಇರಲಿ. ವಾಕ್ಲಿ-ಬ್ಲ್ಯಾಕ್ ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ, ಸುಮಾರು ಶೇ 77 ಮಾತ್ರ ಅಂತ ಹಿಡಿದು 1.3ರಿಂದ ಗುಣಿಸುವ ವಾಡಿಕೆ ಇದೆ. ಕೆಲವು ಲ್ಯಾಬ್‌ಗಳು ಗುಣಿಸುತ್ತವೆ, ಕೆಲವು ಇಲ್ಲ, ಕೇಳಿಕೊಳ್ಳಿ. ಸುಟ್ಟು ಅಳೆಯುವ ಯಂತ್ರ ಎಲ್ಲ ಇಂಗಾಲವನ್ನೂ ಹಿಡಿಯುತ್ತದೆ, ಆದರೆ ಎರೆ ಮಣ್ಣಿನ ಸುಣ್ಣದೊಳಗಿನ ಇಂಗಾಲವನ್ನೂ, ಇದ್ದಿಲನ್ನೂ ಸೇರಿಸಿಯೇ ಹೇಳುತ್ತದೆ. ಸುಣ್ಣ ಇರುವ ಮಣ್ಣಿಗೆ ಮೊದಲು ಆಮ್ಲ ಹಾಕಿ ಸುಣ್ಣ ತೆಗೆಯಬೇಕು. ಹತ್ತು ಮಾದರಿಯನ್ನು ಹೆಸರು ಬದಲಿಸಿ ಎರಡೆರಡು ಸಲ ಕಳಿಸಿ. ಲ್ಯಾಬಿನ ಎರಡು ಉತ್ತರಗಳ ನಡುವೆಯೇ ಇಂಗಾಲದ ಶೇಕಡಾದಲ್ಲಿ 0.1ರಷ್ಟು ವ್ಯತ್ಯಾಸ ಇದ್ದರೆ, ಅದರಿಂದ ಕಲಿತ ಸ್ಪೆಕ್ಟ್ರಮ್ ಅದಕ್ಕಿಂತ ನಿಖರ ಅಂತ ಯಾರೂ ತೋರಿಸಲಾಗದು.

ಹಂತ 8: ಮಾಡೆಲ್

ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರಾಸ್ಪೆಕ್ಟರ್ ಮತ್ತು ಪಿಎಲ್‌ಎಸ್ ಅನ್ನುವ ಉಚಿತ ಪ್ಯಾಕೇಜ್‌ಗಳಿವೆ, ಅಷ್ಟರಲ್ಲೇ ಕೆಲಸ ಆಗುತ್ತದೆ. ಸವಿತ್ಸ್ಕಿ-ಗೋಲೆ ವಿಧಾನದಿಂದ ಗೆರೆಯನ್ನು ನಯ ಮಾಡಿ ಮೊದಲನೇ ಡೆರಿವೇಟಿವ್, ಅಂದರೆ ಪ್ರತಿ ಜಾಗದಲ್ಲೂ ಗೆರೆಯ ಇಳಿಜಾರು, ತೆಗೆಯಿರಿ. ಆಮೇಲೆ ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್ ಮಾಡೆಲ್ ಕಟ್ಟಿ. ನೂರಾರು ತರಂಗಗಳನ್ನು ಕೆಲವೇ ಅಂಶಗಳಿಗೆ ಇಳಿಸಿ ಲ್ಯಾಬಿನ ಇಂಗಾಲಕ್ಕೆ ಹೊಂದಿಸುವ ಲೆಕ್ಕ ಇದು. ಅಂಶಗಳ ಸಂಖ್ಯೆ ಹೆಚ್ಚಿಸಿದಷ್ಟೂ ಕಲಿಕೆಯ ಮಾದರಿಗಳಲ್ಲಿ ತಪ್ಪು ಇಳಿಯುತ್ತಾ ಹೋಗುತ್ತದೆ, ಹೊಸ ಮಣ್ಣಿಗೆ ಮಾತ್ರ ಕೈಕೊಡುತ್ತದೆ. ಕ್ರಾಸ್ ವ್ಯಾಲಿಡೇಶನ್‌ನಲ್ಲಿ (ಕಲಿಕೆಯ ಮಾದರಿಗಳಲ್ಲೇ ಸರದಿಯಂತೆ ಕೆಲವನ್ನು ಹೊರಗಿಟ್ಟು ನೋಡುವುದು) ತಪ್ಪು ಎಲ್ಲಿ ಇಳಿಯುವುದು ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ.

ಬೇರೆಯವರು ಅಳೆದಿಟ್ಟ ಮಣ್ಣಿನ ಸ್ಪೆಕ್ಟ್ರಮ್‌ಗಳ ದೊಡ್ಡ ಲೈಬ್ರರಿಗಳೂ ಇವೆ. ಓಪನ್ ಸಾಯಿಲ್ ಸ್ಪೆಕ್ಟ್ರಲ್ ಲೈಬ್ರರಿ ಎಲ್ಲರಿಗೂ ತೆರೆದಿದೆ, ಯುರೋಪಿನ ಲೂಕಾಸ್ ಭೂಬಳಕೆ ಸಮೀಕ್ಷೆಯಲ್ಲಿ 2009ರ ಸುಮಾರು 20,000 ಮಾದರಿಗಳಿವೆ, ನೈರೋಬಿಯ ಕೃಷಿ-ಅರಣ್ಯ ಸಂಶೋಧನಾ ಸಂಸ್ಥೆ ಇಕ್ರಾಫ್‌ನ ಲ್ಯಾಬ್ ಎರಡು ದಶಕದಿಂದ ಈ ಕೆಲಸ ಮಾಡುತ್ತಿದೆ. ಆದರೆ ತೆರೆದ ಲೈಬ್ರರಿಯಲ್ಲಿ ಜಾಸ್ತಿ ಇರುವುದು ಅಮೆರಿಕ, ಯುರೋಪ್, ಆಫ್ರಿಕಾದ ಮಣ್ಣು. ಅದನ್ನೇ ನೇರವಾಗಿ ಚಳ್ಳಕೆರೆಗೆ ಹಾಕಬೇಡಿ. ನಮ್ಮ ಮಾದರಿಗಳನ್ನು ಅದರ ಜೊತೆ ಸೇರಿಸಿ, ನಮ್ಮದಕ್ಕೆ ಹತ್ತಿರ ಇರುವ ಸ್ಪೆಕ್ಟ್ರಮ್‌ಗಳನ್ನು ಮಾತ್ರ ಆರಿಸಿ ಕಲಿಸಬಹುದು. ಯಂತ್ರ ಬೇರೆಯಾದರೆ ಗೆರೆಯೂ ಬೇರೆಯಾಗುತ್ತದೆ ಅನ್ನುವುದು ನೆನಪಿರಲಿ.

ಹಂತ 9: ನಂಬಬಹುದಾ?

ತೆಗೆದಿಟ್ಟ ಮೂವತ್ತು ನಲವತ್ತು ಮಾದರಿ ಈಗ ಹೊರಗೆ ತೆಗೆಯಿರಿ. ಒಂದೇ ಗುಂಡಿಯ ಮೇಲಿನ ಪದರ ಕಲಿಕೆಯಲ್ಲಿ, ಕೆಳಗಿನ ಪದರ ಪರೀಕ್ಷೆಯಲ್ಲಿ ಇದ್ದರೆ ಅದು ಉತ್ತರ ನೋಡಿಕೊಂಡು ಬರೆದ ಪರೀಕ್ಷೆ. ಚೀಟಿ ಎತ್ತುವಾಗ ಒಂದು ಗುಂಡಿಯ ಮೂರೂ ಪದರಗಳು ಒಂದೇ ಕಡೆ ಬೀಳುವಂತೆ ನೋಡಿಕೊಳ್ಳಿ. ಒಂದು ಇಡೀ ಊರನ್ನೇ ಹೊರಗಿಟ್ಟು ನೋಡುವುದು ಇನ್ನೂ ಒಳ್ಳೆಯದು.

ಮಾದರಿಗಳ ಹರವನ್ನು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು, ಮಾಡೆಲ್‌ನ ಸರಾಸರಿ ತಪ್ಪಿನಿಂದ ಭಾಗಿಸಿ. ಉತ್ತರ 2 ದಾಟಿದರೆ ಒಳ್ಳೆಯದು, 1.4ರಿಂದ 2ರ ನಡುವೆ ಇದ್ದರೆ ಹೆಚ್ಚು ಕಡಿಮೆ ಅಂತ ಹೇಳಲು ಸಾಕು, ಅದಕ್ಕಿಂತ ಕೆಳಗಾದರೆ ಬಿಟ್ಟುಬಿಡಿ ಅನ್ನುವ ರೂಢಿ ಇದೆ.

ಈ ಅಂಕಿ ಮೋಸ ಮಾಡುವುದೂ ಉಂಟು. ಇಂಗಾಲದ ಹರವು 0.25, ತಪ್ಪು 0.10 ಅಂದುಕೊಳ್ಳಿ. ಉತ್ತರ 2.5, ಬಹಳ ಚೆನ್ನಾಗಿದೆ. ಅದೇ ಮಾಡೆಲ್ ಅನ್ನು ಒಂದೇ ಊರಿನ ಶೇಂಗಾ ಹೊಲಗಳಿಗೆ ಹಾಕಿ, ಅಲ್ಲಿ ಹರವು ಬರೀ 0.08 ಇದ್ದರೆ ಉತ್ತರ 0.8. ತಪ್ಪು ಅಷ್ಟೇ ಇದೆ, ಆದರೆ ಈ ಹೊಲಗಳ ನಡುವಿನ ವ್ಯತ್ಯಾಸ ಅದರೊಳಗೇ ಮುಳುಗಿಹೋಯಿತು. ಮಲೆನಾಡಿನ ಶೋಲಾ ಹುಲ್ಲುಗಾವಲಿನ ಇಂಗಾಲ ತುಂಬಿದ ಮಣ್ಣನ್ನೂ ಬಯಲುಸೀಮೆಯ ಮಣ್ಣನ್ನೂ ಒಟ್ಟಿಗೆ ಹಾಕಿ ಭರ್ಜರಿ ಅಂಕಿ ತೋರಿಸುವವರನ್ನು ಇದೇ ಕಾರಣಕ್ಕೆ ಅನುಮಾನದಿಂದ ನೋಡಬೇಕು.

ನಮ್ಮಲ್ಲಿ ಗೊಬ್ಬರದ ಶಿಫಾರಸಿಗೆ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ. ತಪ್ಪು 0.10 ಇರುವ ಮಾಡೆಲ್ 0.48 ಅಂದರೂ 0.52 ಅಂದರೂ ರೈತನಿಗೆ ಅದು ಒಂದೇ ಉತ್ತರ. ಕಾವಲಿನ ಎಲ್ಲ ಜಾಗಗಳ ಸರಾಸರಿಗೂ ಹೊಲಗಳ ಸರಾಸರಿಗೂ ಹೋಲಿಸುವಾಗ ಬಿಡಿ ತಪ್ಪುಗಳು ಬಹಳಷ್ಟು ಒಂದನ್ನೊಂದು ಅಳಿಸುತ್ತವೆ. ಈ ವಿಧಾನದ ನಿಜವಾದ ಬಲ ಇರುವುದು ಆ ಕೆಲಸದಲ್ಲಿ. ಕಾವಲಿಗೆ ಒಂದು ಕಡೆ, ಹೊಲಕ್ಕೆ ಇನ್ನೊಂದು ಕಡೆ ಮಾಡೆಲ್ ವಾಲುತ್ತಿದೆಯಾ ಅಂತ ಮಾತ್ರ ಬೇರೆ ಬೇರೆಯಾಗಿ ನೋಡಿ.

ಹಂತ 10: ಹೆಕ್ಟೇರಿಗೆ ಎಷ್ಟು, ಮತ್ತು ಆಮೇಲೆ

ಇಂಗಾಲದ ಶೇಕಡಾವನ್ನು ಸಾಂದ್ರತೆಯಿಂದ, ಸೆಂ.ಮೀ. ಆಳದಿಂದ ಗುಣಿಸಿದರೆ ಹೆಕ್ಟೇರಿಗೆ ಟನ್ ಬರುತ್ತದೆ. ಇಂಗಾಲ ಶೇ 0.6, ಸಾಂದ್ರತೆ ಘನ ಸೆಂ.ಮೀ.ಗೆ 1.5 ಗ್ರಾಂ, ಆಳ 15 ಸೆಂ.ಮೀ. ಆದರೆ 13.5 ಟನ್. ಎಕರೆಗೆ ಐದೂವರೆ ಟನ್ ಹತ್ತಿರ. ಮಣ್ಣಿನ ಗಾತ್ರದಲ್ಲಿ ಶೇ 20 ಗರಸಿದ್ದರೆ ಅದು 10.8ಕ್ಕೆ ಇಳಿಯುತ್ತದೆ. ಚಿತ್ರದುರ್ಗದ ಕಡೆ ಗರಸು ಕಡಿಮೆ ಇಲ್ಲ, ಇದನ್ನು ಬಿಟ್ಟರೆ ಇಡೀ ಲೆಕ್ಕ ಉಬ್ಬುತ್ತದೆ. ದನ ತುಳಿದು ಗಟ್ಟಿಯಾದ ಕಾವಲಿನ 15 ಸೆಂ.ಮೀ.ನಲ್ಲಿ ಉತ್ತ ಹೊಲದ 15 ಸೆಂ.ಮೀ.ಗಿಂತ ಜಾಸ್ತಿ ಮಣ್ಣು ಹಿಡಿಯುವುದರಿಂದ, ಸಮ ಆಳದ ಬದಲು ಸಮ ತೂಕದ ಮಣ್ಣಿಗೆ ಹೋಲಿಸುವುದು ನ್ಯಾಯ.

ಹೊಲದವರಿಗೆ ಫಲಿತಾಂಶ ಕೊಡುವಾಗ ಒಂಟಿ ಅಂಕಿ ಬೇಡ. ಇಂಗಾಲ 0.4ರಿಂದ 0.6ರ ನಡುವೆ ಇದೆ ಅಂತ ಹೇಳಿ, ಪಕ್ಕದ ಕಾವಲಿನಲ್ಲಿ ಎಷ್ಟಿದೆ ಅಂತ ತೋರಿಸಿ, ರಂಜಕ-ಸತುವಿಗೆ ಲ್ಯಾಬ್ ಪರೀಕ್ಷೆಯನ್ನೂ ಮಾಡಿಸಿ ಅಂತ ಸೇರಿಸಿ. ನೀರು ಎಷ್ಟು ಬೇಗ ಇಂಗುತ್ತದೆ, ಹೆಂಟೆ ನೀರಿನಲ್ಲಿ ಕರಗುತ್ತದಾ ನಿಲ್ಲುತ್ತದಾ, ಎರೆಹುಳು ಇದೆಯಾ ಅನ್ನುವುದನ್ನು ಗುದ್ದಲಿ ಹಿಡಿದು ಅವರ ಜೊತೆಯಲ್ಲೇ ನೋಡಿ. ಅದು ಯಾವ ಸ್ಪೆಕ್ಟ್ರಮ್‌ನಲ್ಲೂ ಸಿಗದ ಮಾಹಿತಿ.

ಉಳಿದ ಮಣ್ಣನ್ನು ಚೆಲ್ಲಬೇಡಿ. ಗಾಳಿಯಾಡದ ಡಬ್ಬಿಯಲ್ಲಿ, ಊರು, ಸರ್ವೆ ನಂಬರ್, ಆಳ, ತಾರೀಕು ಬರೆದ ಚೀಟಿ ಒಳಗೊಂದು ಹೊರಗೊಂದು ಹಾಕಿ ಇಡಿ. ಐದು ವರ್ಷ ಬಿಟ್ಟು ಮತ್ತೆ ಅದೇ ಜಾಗದಿಂದ ಮಣ್ಣು ತಂದಾಗ ಹಳೆಯದನ್ನೂ ಹೊಸದನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿ.